ಎಂಟನೇ ನಂಬರಿನ ಖಾಲಿ ನಿಮಿಷ

ನಮ್ಮ ಮನೆಯಲ್ಲಿ ಬಿಸ್ಕೀಟಿನ ಹಳೆಯ ಡಬ್ಬಿಯೊಂದಿದೆ. ಅಂಗಿಯ ಗುಂಡಿ, ಸೂಜಿ, ದಾರದ ಉಂಡೆ, ಹಲ್ಲು ಮುರಿದ ಬಾಚಣಿಗೆ, ಯಾವ ಬೀಗಕ್ಕೂ ಹೊಂದದ ನಾಲ್ಕು ಕೀಲಿಕೈ, ಎಲ್ಲವೂ ಅದರಲ್ಲಿವೆ. ಮೊನ್ನೆ ಗುಂಡಿ ಹುಡುಕಲು ಹೋದಾಗ ಕೈಗೆ ಸಿಕ್ಕಿದ್ದು ಕಪ್ಪು ದಾರದ ಒಂದು ಸ್ಟಾಪ್‌ವಾಚು. ಅದರ ಸೆಲ್ಲು ಸತ್ತು ವರ್ಷಗಳಾದವು. ನನ್ನ ಹೆಂಡತಿ ಶಾಂತಾ ಅದನ್ನು ಎತ್ತಿಕೊಂಡು, "ಇದನ್ನ ಒಗದ ಬಿಡ್ಲೇನ್ರಿ? ಟೈಮೂ ತೋರಸಂಗಿಲ್ಲ, ಏನೂ ಇಲ್ಲ," ಎಂದಳು. ಅವಳ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದಿದ್ದೆ. ಅಂದ ಮೇಲೆ ಅವಳ ಕೈಯಿಂದ ಕಸಿದುಕೊಂಡು ಮತ್ತೆ ಡಬ್ಬಿಗೇ ಹಾಕಿದೆ.

ಕೇಳುವುದರೊಳಗೆ ಹೂಂ ಅನ್ನುವುದು ನನ್ನ ಹಳೆಯ ಚಟ. ಮನೆಯಲ್ಲಿ ಅದು ಹೂಂ, ಹೊರಗೆ ಹೌದ್ರಿ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಬೀಡಿ, ನನಗೆ ಇದು. ಕ್ಷೌರದವನು "ಸಣ್ಣಗ ಮಾಡ್ಲೇನ್ರಿ?" ಅಂದರೆ ಹೌದ್ರಿ, ತಲೆ ಅರ್ಧ ಬೋಳಾದ ಮೇಲೆ "ಇಷ್ಟ ಸಾಕೇನ್ರಿ?" ಅಂದರೂ ಹೌದ್ರಿ. ಡಾಕ್ಟರು ಹೊಟ್ಟೆ ಒತ್ತಿ ಇಲ್ಲಿ ನೋವಿದೆಯಾ ಅಂದರೆ ಹೌದ್ರಿ, ನೋವಿಲ್ಲ ತಾನೆ ಅಂದರೂ ಹೌದ್ರಿ. ಕನ್ಯೆ ನೋಡಲು ಹೋದಾಗಿನ ಕಥೆಯನ್ನಂತೂ ಶಾಂತಾ ಬಂದವರಿಗೆಲ್ಲ ಹೇಳುತ್ತಾಳೆ. ನನ್ನ ಮಾವ "ಹುಡುಗಿ ಮನಸಿಗೆ ಬಂದಾಳೇನಪಾ?" ಎಂದು ಕೇಳಿದರಂತೆ, ನಾನು ಹೌದ್ರಿ ಅಂದೆನಂತೆ. ಹುಡುಗಿ ಇನ್ನೂ ಒಳಗೆ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದಳು. "ನಮ್ಮ ಮನಿ ಎಮ್ಮಿ ತಂದ ನಿಲ್ಲಿಸಿದ್ರೂ ಇವರು ಹೌದ್ರಿ ಅಂತಿದ್ರು," ಎಂದು ಅವಳು ಮುಗಿಸುತ್ತಾಳೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಸ್ಟಾಪ್‌ವಾಚಿನ ಕಥೆಯನ್ನು ಮಾತ್ರ ಅವಳಿಗೂ ನಾನು ಪೂರ್ತಿ ಹೇಳಿಲ್ಲ.

ಚಟ ಬಂದದ್ದು ಅಪ್ಪನಿಂದ. ಅಪ್ಪ ಬಾದಾಮಿಯ ಕಡೆಯಿಂದ ಗೋವೆಗೆ ಬಂದು ಕುಡಚಡೆಯಲ್ಲಿ ರೈಲಿಗೆ ಅದಿರು ತುಂಬುವ ಕೆಲಸಕ್ಕೆ ನಿಂತವನು. ಸಂಜೆ ಮನೆಗೆ ಬಂದರೆ ಕಣ್ಣು ಹಲ್ಲು ಬಿಟ್ಟು ಉಳಿದದ್ದೆಲ್ಲ ಕೆಂಪು. ಅವ್ವ ಅವನನ್ನು ಹೊರಗಿನ ಕಲ್ಲಿನ ಮೇಲೆ ಕೂಡಿಸಿ ಕೊಡ ಕೊಡ ನೀರು ಹೊಯ್ಯುತ್ತಿದ್ದಳು. ಕೆಂಪು ನೀರು ಹರಿದು ಗಟಾರಕ್ಕೆ ಹೋಗುವುದನ್ನು ನೋಡುತ್ತ ನಾನು, ಎಲ್ಲರ ಅಪ್ಪಂದಿರ ಸ್ನಾನದ ನೀರೂ ಕೆಂಪಗೇ ಇರುತ್ತದೆ ಎಂದುಕೊಂಡಿದ್ದೆ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಸ್ನಾನದ ನೀರು ಬರೀ ಕೆಸರಿನ ಬಣ್ಣ ಇದ್ದದ್ದು ನೋಡಿ, ಅಜ್ಜನಿಗೆ ಏನೋ ಜಡ್ಡಾಗಿದೆ ಎಂದು ಅವ್ವನಿಗೆ ಹೇಳಿ ಬೈಸಿಕೊಂಡೆ.

ಒಂದು ದಿನ ಅಪ್ಪ ನನ್ನನ್ನು ಮುಕಾದಮನ ಹತ್ತಿರ ಕರೆದುಕೊಂಡು ಹೋಗಿದ್ದ. ಕೆಲಸದವರನ್ನು ಗೊತ್ತುಮಾಡುವವನು ಆ ಮುಕಾದಮನೇ. "ಹುಡುಗ ಶಾಲಿಗೆ ಹೋಗ್ತಾನೇನು?" ಎಂದು ಅವನು ಕೇಳಿದ. ಅಪ್ಪ ಹೌದ್ರಿ ಅಂದ. "ಶಾಲಿ ಏನ ಮಾಡ್ತಿ, ಬರೂ ಸೋಮವಾರದಿಂದ ಇವನ್ನೂ ಕೆಲಸಕ್ಕ ಕರಕೊಂಡ ಬಾ," ಎಂದ. ಅಪ್ಪ ಅದಕ್ಕೂ ಹೌದ್ರಿ ಅಂದ. ಬರುವಾಗ ನಾನು ಅಳುಮೋರೆಯಲ್ಲಿ ಎರಡರಲ್ಲಿ ಯಾವುದು ಖರೆ ಎಂದು ಕೇಳಿದೆ.

"ಕೇಳಾವ್ರು ದೊಡ್ಡಾವ್ರಿದ್ರ ಉತ್ತರ ಒಂದ ಇರ್ತೈತಿ. ಆಮ್ಯಾಲ ನಮಗ ಬೇಕಾದ್ದು ನಾವು ಮಾಡೂದು," ಎಂದ ಅಪ್ಪ.

ಸೋಮವಾರ ಅವನು ನನ್ನನ್ನು ಕಳಿಸಿದ್ದು ಶಾಲೆಗೆ. ನಾನು ಹತ್ತನೇ ಇಯತ್ತೆ ಮುಗಿಸುವ ತನಕ ಹಾಗೆಯೇ ಮುಕಾದಮನಿಗೆ ಹೌದ್ರಿ ಅನ್ನುತ್ತ ನನ್ನನ್ನು ಓದಿಸಿದ. ಅವನ ಮಾತಿನ ಮೊದಲರ್ಧವನ್ನು ನಾನು ಗಟ್ಟಿಯಾಗಿ ಕಲಿತೆ. ಉಳಿದರ್ಧ ನನ್ನ ತಲೆಗೆ ಹೋಗಲೇ ಇಲ್ಲ, ಈ ಬರಹವೆಲ್ಲ ಅದರದೇ ಗೋಳು.

ಹತ್ತನೇ ಇಯತ್ತೆಯ ಬಲದಿಂದ ನನಗೆ ಮಡ್ಕಯಿಯ ಒಂದು ಕಾರ್ಖಾನೆಯಲ್ಲಿ ಟೈಮ್ ಆಫೀಸಿನ ಕೆಲಸ ಸಿಕ್ಕಿತು. ಟೈಮ್ ಆಫೀಸು ಅಂದರೆ ಗೇಟಿನ ಬಗಲಿಗೆ ಕಿಟಕಿಯಿದ್ದ ಒಂದು ಗೂಡು. ಹೆಬ್ಬೆಟ್ಟಿನ ಯಂತ್ರ ಇನ್ನೂ ಬಂದಿರಲಿಲ್ಲ. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟಕ್ಕೆ ಹೊರಗೆ ಹೋದರು ಎಂದು ನಾನು ಹಾಜರಿ ಪುಸ್ತಕದಲ್ಲಿ ಬರೆಯಬೇಕು. ಅದಕ್ಕೊಂದು ಪದ್ಧತಿಯಿತ್ತು. ಮೊದಲು ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆಯುವುದು. ಸಂಜೆ ದೊಡ್ಡ ಸಾಹೇಬರು ನೋಡಿ, ಇದು ಹೀಗಲ್ಲ ಹಾಗೆ ಅಂದದ್ದನ್ನು ರಬ್ಬರಿನಿಂದ ಅಳಿಸಿ ತಿದ್ದುವುದು. ಅವರು ಸಹಿ ಹಾಕಿದ ಮೇಲೆ ಪೆನ್ನಿನಿಂದ ಮೇಲೆ ಬರೆಯುವುದು. ಎಂಟಕ್ಕೆ ಬಂದವನು ಎಂಟೂವರೆಗೆ ಬಂದನೆಂದು ಸಾಹೇಬರು ಅಂದರೆ ಅವನು ಎಂಟೂವರೆಗೇ ಬಂದಂತೆ. ನನ್ನ ಮೇಜಿನ ಕಾಲಿಗೆ ರಬ್ಬರನ್ನು ದಾರ ಕಟ್ಟಿ ಇಳಿಬಿಟ್ಟಿದ್ದೆ, ಕಳೆದುಹೋಗಬಾರದೆಂದು. ಇಂಥ ಕೆಲಸವನ್ನು ಆರು ವರ್ಷ ಮಾಡಿದವನಿಗೆ ಗಡಿಯಾರದ ಮೇಲೆ ಎಂಥ ನಂಬಿಕೆ ಇರುತ್ತದೆ, ನೀವೇ ಹೇಳಿ.

ಸಾಹೇಬರು ಗೋವೆಯವರೇ. ನನ್ನೊಂದಿಗೆ ಹಿಂದಿಯಲ್ಲಿ ಮಾತಾಡುತ್ತಿದ್ದರು, ಇಲ್ಲಿ ಅದನ್ನು ಕನ್ನಡದಲ್ಲೇ ಬರೆದಿದ್ದೇನೆ. ಯಾವ ಭಾಷೆಯಲ್ಲಿ ಕೇಳಿದರೂ ನನ್ನ ಬಾಯಲ್ಲಿ ಹೌದ್ರಿ ಅಂತಲೇ ಬರುತ್ತಿತ್ತು. ಕೇಳಿ ಕೇಳಿ ಆ ಒಂದು ಕನ್ನಡ ಶಬ್ದ ಅವರಿಗೂ ಬಂದಿತ್ತು. ಕೆಟ್ಟ ಮನುಷ್ಯರೇನಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಅವರಿಗೆ ಸೈಕಲ್ಲಿನ ಹುಚ್ಚು. ಸುತ್ತಲಿನ ಎಂಜಿನಿಯರುಗಳು, ಹಲ್ಲಿನ ಡಾಕ್ಟರು, ಇನ್ನೂ ಕೆಲವರನ್ನು ಸೇರಿಸಿ ಸೈಕಲ್ ಕ್ಲಬ್ಬು ಮಾಡಿದ್ದರು. ಪ್ರತಿ ಬುಧವಾರ ಸಂಜೆ ಕಾರ್ಖಾನೆಯ ಗೇಟಿನಿಂದ ಸ್ಪರ್ಧೆ. ಎಲ್ಲರೂ ಒಟ್ಟಿಗೆ ಓಡುವ ಸ್ಪರ್ಧೆಯಲ್ಲ ಅದು. ಗಡಿಯಾರದಲ್ಲಿ ಒಂದು ನಿಮಿಷವಾದಾಗ ಒಂದನೇ ನಂಬರಿನವನನ್ನು ಬಿಡಬೇಕು, ಎರಡಾದಾಗ ಎರಡನೆಯವನನ್ನು, ಹೀಗೆ. ದೋಣಿ ನಿಲ್ಲುವ ಹೊಳೆಯ ಧಕ್ಕೆಯವರೆಗೆ ಹೋಗಿ, ಅಲ್ಲಿಟ್ಟ ನೀಲಿ ಡ್ರಮ್ಮು ಸುತ್ತಿಕೊಂಡು ಬರಬೇಕು. ಬಂದ ಹೊತ್ತಿನಲ್ಲಿ ಬಿಟ್ಟ ಹೊತ್ತು ಕಳೆದರೆ ಅವನ ಟೈಮು. ಯಾರಾದರೂ ಬರದಿದ್ದರೆ ಅವನ ನಿಮಿಷವನ್ನು ಖಾಲಿ ಬಿಡಬೇಕು, ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. "ಟೈಮ್ ಆಫೀಸಿನವನಲ್ಲವಾ, ನೀನೇ ಟೈಮ್ ಹಿಡಿ," ಎಂದು ಸಾಹೇಬರು ಸ್ಟಾಪ್‌ವಾಚು ನನ್ನ ಕೊರಳಿಗೆ ಹಾಕಿದರು. ನಾನು ಏನಂದೆ ಎಂದು ಹೇಳಬೇಕಾಗಿಲ್ಲ.

ಇನ್ನು ಮೌಲಾಲಿ. ಸಿಂದಗಿಯ ಕಡೆಯವನು, ನನ್ನ ವಾರಗೆಯವನು. ಹತ್ತಿರದ ಒಂದು ಬೇಕರಿಯಲ್ಲಿ ಪೊದೇರನಾಗಿದ್ದ. ಸೈಕಲ್ಲಿನ ಹಿಂದೆ ದೊಡ್ಡ ಬಿದಿರಿನ ಬುಟ್ಟಿ ಕಟ್ಟಿಕೊಂಡು, ಪೊಂಯ್ ಪೊಂಯ್ ಎಂದು ಹಾರ್ನು ಒತ್ತುತ್ತ ಮನೆಮನೆಗೆ ಪಾವು ಹಂಚುವವನಿಗೆ ಗೋವೆಯಲ್ಲಿ ಪೊದೇರ ಅನ್ನುತ್ತಾರೆ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಮಳೆ ಬಂದರೆ ತನ್ನ ಮೈಮೇಲಿನ ರೇನ್‌ಕೋಟನ್ನೂ ಬಿಚ್ಚಿ ಬುಟ್ಟಿಗೆ ಹೊದಿಸುತ್ತಿದ್ದ. "ಪಾವ ಒದ್ದಿ ಆದ್ರ ಯಾರೂ ತಗೊಳ್ಳಲ್ಲ. ನಾ ಒದ್ದಿ ಆದ್ರ ಯಾರ ಕೇಳ್ತಾರ?" ಅನ್ನುತ್ತಿದ್ದ. ಗೇಟಿಗೆ ಬಂದಾಗ "ಏ ಈರಣ್ಣಾ, ಬಾ ಇಲ್ಲಿ, ಕೈ ಚಾಚು," ಎಂದು ಬುಟ್ಟಿಯ ತಳದಿಂದ ಬಿಸಿ ಪಾವು ತೆಗೆದು ಕೊಡುವನು. ನಾನು ಚಹಾ ತರಿಸುವೆ. ಆ ಊರಲ್ಲಿ ನನ್ನನ್ನು ಏ ಎಂದು ಕರೆಯುವವನು ಅವನೊಬ್ಬನೇ ಇದ್ದ. ಹಾಗೆ ಕರೆಸಿಕೊಳ್ಳುವುದು ಎಂಥ ಸುಖವೆಂದು ಆಗ ನನಗೆ ಗೊತ್ತಿರಲಿಲ್ಲ.

ಒಂದು ಬುಧವಾರ ಕ್ಲಬ್ಬಿನವರು ಗೇಟಿನ ಎದುರಿನ ಏರು ಹತ್ತಿ ಬರುತ್ತಿದ್ದರು. ಮುಂದೆ ಸಾಹೇಬರ ತಂಗಿಯ ಮಗ ಇದ್ದ, ಕೂದಲೆಳೆಯಂಥ ಗಾಲಿಯ ಹೊರದೇಶದ ಸೈಕಲ್ಲು. ಹಿಂದಿನಿಂದ ಪೊಂಯ್ ಎಂದು ಸದ್ದಾಯಿತು. ಮೌಲಾಲಿ ಪಾವಿನ ಬುಟ್ಟಿ ಸಮೇತ ಅವನನ್ನು ದಾಟಿ ಬಂದು ನನ್ನ ಕಿಟಕಿಗೆ ಕಾಲುಕೊಟ್ಟು ನಿಂತ. ಅವನಿಗೆ ಸ್ಪರ್ಧೆಯೂ ಗೊತ್ತಿಲ್ಲ, ಗಿರ್ಧೆಯೂ ಗೊತ್ತಿಲ್ಲ, ಚಹಾ ಆರುತ್ತದೆ ಎಂಬುದಷ್ಟೇ ಗೊತ್ತು. ಸಾಹೇಬರು ಬಿದ್ದು ಬಿದ್ದು ನಕ್ಕರು. "ಮುಂದಿನ ವಾರ ಬುಟ್ಟಿ ಬಿಚ್ಚಿಟ್ಟು ನೀನೂ ಬಾ," ಎಂದರು.

ಬುಟ್ಟಿ ಬಿಚ್ಚಿದ ಮೊದಲ ವಾರ ಅವನ ಸೈಕಲ್ಲು ಕುಡಿದವನ ಹಾಗೆ ಓಲಾಡಿತು. "ಭಾರ ಇಲ್ಲಂದ್ರ ಇದು ನನ್ನ ಮಾತ ಕೇಳಲ್ಲೋ," ಎಂದು ಗೊಣಗಿದ. ಕೊನೆಯಿಂದ ಎರಡನೆಯವನಾದ. ಮೂರ್ನಾಲ್ಕು ವಾರದಲ್ಲಿ ಹದ ಸಿಕ್ಕಿ ಮೂರನೆಯವನಾದ. ಆಗ ಸಾಹೇಬರು ಎಲ್ಲರೆದುರಿಗೆ ಒಂದು ಮಾತು ಹೇಳಿದರು. ಈ ಮಳೆಗಾಲದ ಕಡೆಯ ಬುಧವಾರ ಎಲ್ಲರಿಗಿಂತ ಕಡಿಮೆ ಟೈಮಿನಲ್ಲಿ ಬಂದವನಿಗೆ ಕ್ಲಬ್ಬಿನ ಬಹುಮಾನದ ಕಪ್ಪು. ಅವನು ಕಂಪನಿಯ ತಂಡಕ್ಕೂ ಸೇರುತ್ತಾನೆ. "ನೀನು ಮೊದಲನೆಯವನಾಗಿ ಬಂದರೆ ನಿನ್ನನ್ನು ಪ್ಯಾಕಿಂಗಿನಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ. ಪರ್ಮನೆಂಟು," ಎಂದು ಮೌಲಾಲಿಯ ಬೆನ್ನು ತಟ್ಟಿದರು.

ಉಳಿದವರಿಗೆ ಅದು ಒಂದು ಕಪ್ಪು. ಮೌಲಾಲಿಗೆ ಅದೇನೆಂದು ನನಗೆ ಗೊತ್ತಿತ್ತು. ಅವನು ಮಲಗುತ್ತಿದ್ದದ್ದು ಬೇಕರಿಯಲ್ಲಿ, ಹಿಟ್ಟಿನ ಚೀಲಗಳ ಪಕ್ಕದಲ್ಲಿ. ಹೆಂಡತಿ ರಾಶಿದಾ ಮತ್ತು ಮಗು ಸಿಂದಗಿಯಲ್ಲಿ. ಬೇಕರಿಗೆ ಹೆಂಡತಿಯನ್ನು ಕರೆತರುವುದಾದರೂ ಹೇಗೆ? ಪರ್ಮನೆಂಟು ಆದರೆ ಬಾಡಿಗೆಗೆ ಒಂದು ಖೋಲಿ ಹಿಡಿಯಬಹುದು, ಅವರು ಬರಬಹುದು.

ಕಡೆಯ ಬುಧವಾರ ಮಧ್ಯಾಹ್ನದಿಂದಲೇ ಮಳೆ. ಸಂಜೆ ಐದಕ್ಕೆ ಗಾಳಿಯೂ ಶುರುವಾಯಿತು. ರಸ್ತೆಯ ಮೇಲೆ ತೆಂಗಿನ ಗರಿ ಬಿದ್ದಿದ್ದವು, ಇಳಿಜಾರಿನ ಕೆಳಗೆ ಮೊಣಕಾಲುದ್ದ ಕೆಂಪು ನೀರು. ನಾನು ಸ್ಪರ್ಧೆ ಮುಂದೆ ಹಾಕುತ್ತಾರೆ ಎಂದುಕೊಂಡಿದ್ದೆ. "ಬಿಸಿಲಲ್ಲಿ ಯಾರು ಬೇಕಾದರೂ ಓಡಿಸುತ್ತಾರೆ," ಎಂದರು ಸಾಹೇಬರು, ಒಂದನೇ ನಂಬರಿಗೆ ಹೊರಟವರೂ ಅವರೇ. ಕಾಗದ ನಿಲ್ಲುವುದಿಲ್ಲವೆಂದು ಪ್ಯಾಕಿಂಗಿನ ರಟ್ಟೊಂದನ್ನು ಹರಿದುಕೊಂಡು, ಪೆನ್ಸಿಲ್ಲು ಹಿಡಿದು, ಗೇಟಿನ ವಾಚಮನ್ ಹಿಡಿದ ಕೊಡೆಯ ಕೆಳಗೆ ನಿಂತೆ. ಮೌಲಾಲಿ ಪಾವು ತುಂಬಿದ ಬುಟ್ಟಿಯನ್ನು ನನ್ನ ಗೂಡಿನಲ್ಲಿಟ್ಟು ಬಂದ. ಸಂಜೆಯ ಸುತ್ತು ಇನ್ನೂ ಬಾಕಿಯಿತ್ತು.

ಅವನದು ಒಂಬತ್ತನೇ ನಂಬರು, ಎಲ್ಲರಿಗಿಂತ ಕಡೆಯದು. ಎಂಟನೆಯವರು ಹಲ್ಲಿನ ಡಾಕ್ಟರು. ಅವರು ಮಳೆ ನೋಡಿ ಕಾರಿನಿಂದ ಇಳಿಯಲೇ ಇಲ್ಲ, ಗಾಜಿನೊಳಗಿಂದ ಕೈ ಆಡಿಸಿದರು. ಏಳನೆಯವನು ಹೋದ. ಎಂಟರ ನಿಮಿಷ ಬಂತು. ಮೌಲಾಲಿ ಪೆಡಲಿನ ಮೇಲೆ ಕಾಲಿಟ್ಟ. "ಇನ್ನೂ ಒಂದ ಮಿನಿಟ ಐತಿ, ನಿಲ್ಲು," ಎಂದು ನಾನೇ ಅವನ ಹ್ಯಾಂಡಲ್ಲು ಹಿಡಿದೆ. ರಟ್ಟಿನ ಮೇಲೆ ಎಂಟರ ಮುಂದೆ ಇಲ್ಲ ಎಂದು ಬರೆದೆ.

ಆ ಖಾಲಿ ನಿಮಿಷದಲ್ಲಿ ಅವನು ಮಾತಾಡಿದ. ಮೂಗಿನ ತುದಿಯಿಂದ ನೀರು ಇಳಿಯುತ್ತಿತ್ತು. "ನಿನ್ನಿ ರಾಶಿದಾಗ ಫೋನ್ ಹಚ್ಚಿದ್ದೆ. ಖೋಲಿ ನೋಡ್ತೀನಿ, ತಯಾರಾಗು ಅಂತ ಹೇಳೀನಿ."

"ಇನ್ನಾ ಓಡಿಸೇ ಇಲ್ಲ, ಆಗಲೇ ಹೇಳಿ ಕುಂತಿ?" ಎಂದೆ.

"ಕೂಸು ನನಗ ಮಾಮಾ ಅಂತದೋ ಈರಣ್ಣಾ. ಹೋದ ಸಲ ಹೋದಾಗ ಎತ್ಕೊಂಡ್ರ ಅತ್ತ ಅತ್ತ ಉಸಿರ ಬಿಗಿ ಹಿಡೀತು. ಪರದೇಸಿ ಹಂಗ ನೋಡ್ತದ ನನ್ನ."

ಗಡಿಯಾರದಲ್ಲಿ ಒಂಬತ್ತಾಯಿತು. "ಹೋಗು," ಎಂದೆ. ಹೋದ.

ಒಬ್ಬೊಬ್ಬರಾಗಿ ವಾಪಸ್ಸು ಬಂದರು. ಒಬ್ಬರ ಮೊಣಕೈ ಹರಿದಿತ್ತು, ಒಬ್ಬರು ಸೈಕಲ್ಲು ಹೊತ್ತುಕೊಂಡೇ ಬಂದರು. ಸಾಹೇಬರ ತಂಗಿಯ ಮಗ ಅವರಲ್ಲೆಲ್ಲ ಚೆನ್ನಾಗಿ ಓಡಿಸಿದ್ದ, ಎಲ್ಲರೂ ಅವನ ಕೈ ಕುಲುಕುತ್ತಿದ್ದರು. ಅಷ್ಟರಲ್ಲಿ ಮೌಲಾಲಿ ಬಂದ. ಬಿಟ್ಟ ಹೊತ್ತು ಕಳೆದು ನೋಡಿದೆ, ಮತ್ತೊಮ್ಮೆ ಕಳೆದು ನೋಡಿದೆ. ಆ ಹುಡುಗನಿಗಿಂತ ಅರ್ಧ ನಿಮಿಷ ಕಡಿಮೆ.

ನನಗೆ ಆಶ್ಚರ್ಯವಾಗಲಿಲ್ಲ. ಬಂದವನೇ ಅವನು ಏದುಸಿರಿನಲ್ಲಿ ನನಗೆ ಹೇಳಿದ್ದ: "ಎಲ್ಲಾರೂ ನೀರಾಗ ಇಳಿದು ನಡಕೋತ ಹೊಂಟಾರೋ. ತಗ್ಗ ಎಲ್ಲೆಲ್ಲಿ ಅದಾವಂತ ಅವರಿಗೇನ ಗೊತ್ತು? ನಾ ದಿನಾ ಎರಡ ಸಲ ಹೋಗಾಂವ." ನೀರಿನ ಕೆಳಗಿದ್ದ ಆ ರಸ್ತೆಯನ್ನು ಅವನು ಪಾವು ಹಂಚಿ ಹಂಚಿ ಬಾಯಿಪಾಠ ಮಾಡಿದ್ದ. ಉಳಿದವರು ತೆವಳಿದ ಕಡೆ ಅವನು ಒಮ್ಮೆಯೂ ಕಾಲು ಊರದೆ ಬಂದಿದ್ದ.

ಸಾಹೇಬರು ರಟ್ಟು ತೆಗೆದುಕೊಂಡು ನೋಡಿದರು. ಹುಬ್ಬು ಗಂಟಿಕ್ಕಿದರು. "ಈ ಮಳೆಯಲ್ಲಿ, ಈ ಸೈಕಲ್ಲಿನಲ್ಲಿ?" ಎಂದರು. ಆಮೇಲೆ ಅವರ ಮುಖ ತಿಳಿಯಾಯಿತು. "ಹಾಂ, ಎಂಟನೆಯವರು ಬರಲಿಲ್ಲವಲ್ಲ. ಈರಣ್ಣ, ನೀನು ಎಂಟರ ನಿಮಿಷಕ್ಕೆ ಇವನನ್ನು ಬಿಟ್ಟಿದ್ದೀಯ, ಲೆಕ್ಕ ಮಾತ್ರ ಒಂಬತ್ತರಿಂದ ಹಿಡಿದಿದ್ದೀಯ. ಅದಕ್ಕೇ ಇವನಿಗೆ ಒಂದು ನಿಮಿಷ ಕಡಿಮೆ ಬಂದಿದೆ. ಹೌದು ತಾನೆ?"

"ಹೌದ್ರಿ," ಎಂದೆ.

ಬಾಯಿಂದ ಬಿದ್ದುಹೋಯಿತು. ಕ್ಷೌರದ ಅಂಗಡಿಯಲ್ಲಿ ಬಿದ್ದಷ್ಟೇ ಸಲೀಸಾಗಿ ಬಿತ್ತು. ಇದಕ್ಕಿಂತ ದೊಡ್ಡ ನೆಪ ನನ್ನ ಹತ್ತಿರ ಇಲ್ಲ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ ನೋಡಿ. ಸಾಹೇಬರು ನನ್ನ ಮುಖ ನೋಡಿ ಎರಡನೇ ಸಲ ಕೇಳಿದರು. "ಪಕ್ಕಾ? ಯೋಚಿಸಿ ಹೇಳು. ನಿನಗೆ ನೆನಪಿದ್ದರೆ ಹೇಳು, ನೀನು ಹೇಳಿದ್ದನ್ನೇ ಬರೆಯುತ್ತೇನೆ."

ದೇವರಾಣೆ, ಹಾಗೆಯೇ ಕೇಳಿದರು. ಎರಡನೆಯದನ್ನು ಚಟ ಎನ್ನಲಾರೆ. ಆಗ ನನಗೆ ಯೋಚಿಸಲು ಸಮಯವಿತ್ತು, ಯೋಚಿಸಿದೆ. ಮೊದಲು ಹೌದ್ರಿ ಅಂದವನು ಈಗ ಇಲ್ರಿ ಅಂದರೆ ಎಲ್ಲರೆದುರಿಗೆ ಮಳ್ಳನಾಗುತ್ತೇನೆ ಎಂದು ಯೋಚಿಸಿದೆ. ತಂಗಿಯ ಮಗ ಪಕ್ಕದಲ್ಲೇ ನಿಂತಿದ್ದಾನೆ ಎಂದು ಯೋಚಿಸಿದೆ. ನಾಳೆ ಸಂಜೆ ಇದೇ ಸಾಹೇಬರ ಮುಂದೆ ಹಾಜರಿ ಪುಸ್ತಕ ಹಿಡಿದು ನಿಲ್ಲಬೇಕು ಎಂದು ಯೋಚಿಸಿದೆ. ಹಿಡಿದ ಹ್ಯಾಂಡಲ್ಲು, ರಾಶಿದಾ, ಮಾಮಾ ಎನ್ನುವ ಕೂಸು, ಅವೂ ನೆನಪಿದ್ದವು. ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಹೌದ್ರಿ ಸಾಹೇಬ್ರ, ನಂದ ತಪ್ಪಾಗೈತಿ," ಎಂದೆ.

ಸಾಹೇಬರು ಮೌಲಾಲಿಯ ಕಡೆ ತಿರುಗಿದರು. "ನೀನೇನು ಹೇಳುತ್ತೀಯಪ್ಪಾ?"

ಅವನು ನನ್ನನ್ನು ನೋಡಿದ. ನಾನು ಏನೋ ಲೆಕ್ಕ ಹಾಕಿದ್ದೇನೆ, ಇದರಲ್ಲಿ ಏನೋ ಇದೆ, ಇನ್ನೊಂದು ಗಳಿಗೆಯಲ್ಲಿ ಸರಿಮಾಡುತ್ತೇನೆ ಎಂದು ಅವನು ಕಾಯುತ್ತಿದ್ದ ಹಾಗಿತ್ತು. ನಾನು ಕೊಡೆಯ ಕಡ್ಡಿ ನೋಡಿದೆ.

"ನನ್ನ ಕಡೆ ಗಡಿಯಾರ ಇಲ್ರಿ," ಎಂದ ಅವನು ನಿಧಾನಕ್ಕೆ. "ಟೈಮ್ ಈರಣ್ಣ ಹಿಡಿದಾನ್ರಿ. ಅವ ಹೇಳಿದ್ದ ಖರೇ."

ನಾನು ಗೂಡಿಗೆ ಹೋಗಿ, ಮೇಜಿನ ಕಾಲಿಗೆ ಕಟ್ಟಿದ್ದ ರಬ್ಬರಿನಿಂದ ಅವನನ್ನು ಬಿಟ್ಟ ಹೊತ್ತಿನ ಒಂಬತ್ತನ್ನು ಅಳಿಸಿ ಎಂಟು ಮಾಡಿದೆ. ರಟ್ಟು ಒದ್ದೆಯಾಗಿ ಅಲ್ಲಿ ಸಿಪ್ಪೆ ಎದ್ದಿತು. ಆಮೇಲೆ ಸಾಹೇಬರ ಸಹಿ, ಅದರ ಮೇಲೆ ನನ್ನ ಪೆನ್ನು. ಮೌಲಾಲಿ ಒಳಗೆ ಬಂದು ಬುಟ್ಟಿ ಎತ್ತಿಕೊಂಡ. ನಾನು ಒಂದು ಕೈ ಹಿಡಿಯಲು ಹೋದೆ. "ಇರ್ಲಿ ಬಿಡ್ರಿ," ಎಂದ.

ಆ ರೀ ಮೊದಲು ನನ್ನ ಕಿವಿಗೆ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಬಿತ್ತು. "ತಗೋರಿ ಈರಣ್ಣಾರ," ಎಂದು ಕಿಟಕಿಯ ಕಟ್ಟೆಯ ಮೇಲೆ ಪಾವು ಇಟ್ಟ, ಬುಟ್ಟಿಯ ಮೇಲಿಂದ ತೆಗೆದದ್ದು, ತಳದ ಬಿಸಿಯದಲ್ಲ. ಚಹಾಕ್ಕೆ ಕರೆದರೆ, "ತಡಾ ಆಗ್ತದ್ರಿ," ಎಂದ.

ಸಾಹೇಬರಿಗೆ ಹೇಳಿಬಿಡಬೇಕೆಂದು ಮೂರು ದಿನ ಅವರ ಬಾಗಿಲಿಗೆ ಹೋದೆ. ಎರಡು ದಿನ ಬಾಗಿಲಿನಿಂದಲೇ ತಿರುಗಿದೆ. ಮೂರನೆಯ ದಿನ ಒಳಗೆ ಹೋದೆ. ಅವರು ಏನು ಎಂಬಂತೆ ತಲೆ ಎತ್ತಿದರು. "ಹಾಜರಿ ಪುಸ್ತಕಕ್ಕ ಸಹಿ ಬೇಕಿತ್ರಿ," ಎಂದೆ. ಬೆಳಗಿನ ಹತ್ತು ಗಂಟೆಗೆ ಯಾವ ಸಹಿ ಎಂದು ಅವರೂ ಕೇಳಲಿಲ್ಲ.

ತಿಂಗಳು ಕಳೆದು ಮಳೆ ನಿಂತ ಮೇಲೆ ಕ್ಲಬ್ಬಿನವರ ಕೂಟ ಇತ್ತು, ಕಾರ್ಖಾನೆಯ ಕ್ಯಾಂಟೀನಿನಲ್ಲೇ. ತಂಗಿಯ ಮಗನಿಗೆ ಕಪ್ಪು ಕೊಟ್ಟರು. ಆಮೇಲೆ ಸಾಹೇಬರು ನನ್ನನ್ನು ಮುಂದೆ ಕರೆದರು. ತಪ್ಪು ಮಾಡುವವರು ಎಲ್ಲ ಕಡೆ ಇದ್ದಾರೆ, ಎಲ್ಲರೆದುರಿಗೆ ನನ್ನದು ತಪ್ಪು ಎಂದು ಒಪ್ಪಿಕೊಳ್ಳುವವರು ಕಡಿಮೆ, ಈರಣ್ಣ ಅಂಥ ಪ್ರಾಮಾಣಿಕ ಎಂದು ಹೇಳಿ, ಆ ಸ್ಟಾಪ್‌ವಾಚನ್ನು ನನಗೇ ಬಹುಮಾನವೆಂದು ಕೊರಳಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾಜಿಗೆ ಪಾವು ತಂದಿದ್ದ ಮೌಲಾಲಿ ಬಾಗಿಲಲ್ಲಿ ನಿಂತಿದ್ದ. ಬುಟ್ಟಿ ಕೆಳಗಿಟ್ಟು ಅವನೂ ತಟ್ಟಿದ. ಅಣಕವೆಂದು ನಾನು ಅಂದುಕೊಳ್ಳಬಹುದಿತ್ತು, ಆದರೆ ಅವನ ಮುಖದಲ್ಲಿ ಅಣಕ ಇರಲಿಲ್ಲ. ಎಲ್ಲರೂ ತಟ್ಟುತ್ತಿದ್ದರು, ಅದಕ್ಕೆ ಅವನೂ ತಟ್ಟಿದ.

ನಾನು ತಟ್ಟೆ ಬಿಟ್ಟು ಅವನ ಹಿಂದೆ ಗೇಟಿನ ತನಕ ಓಡಿದೆ. ಅವನು ಸೈಕಲ್ಲು ನಿಲ್ಲಿಸಿ ಬುಟ್ಟಿಗೆ ಪ್ಲಾಸ್ಟಿಕ್ಕಿನ ಹಾಳೆ ಹೊದಿಸುತ್ತಿದ್ದ. ರಾಶಿದಾಳ ಬಗ್ಗೆ ಕೇಳಬೇಕೆಂದಿದ್ದೆ, ಕೇಳುವ ಧೈರ್ಯವಾಗಲಿಲ್ಲ. ಸ್ಟಾಪ್‌ವಾಚು ಇನ್ನೂ ಕೊರಳಲ್ಲೇ ಇತ್ತು.

"ಮೌಲಾ, ಅವತ್ತ ನೀ ಒಂಬತ್ತಕ್ಕ ಹೊಂಟಿದ್ದಿ. ನಾನ ನಿನ್ನ ಹ್ಯಾಂಡಲ್ ಹಿಡಿದಿದ್ದೆ. ನೀನ ಎಲ್ಲಾರಕಿಂತ ಮೊದಲ ಬಂದಾಂವ. ನನಗ ಗೊತ್ತೈತೋ," ಎಂದೆ.

ಅವನು ಹಾಳೆಯ ನಾಲ್ಕೂ ಮೂಲೆ ಸಿಕ್ಕಿಸಿ, ಸೀಟಿನ ಮೇಲೆ ಕುಳಿತು, ಪೆಡಲಿನ ಮೇಲೆ ಕಾಲಿಟ್ಟ.

"ಹೌದ್ರಿ," ಎಂದ.